ತಂಪಿನ ಬುತ್ತಿ

ಪ್ರಯಾಣ ಹೊರಟವರ ಕೈಗೆ ಬುತ್ತಿ ಕಟ್ಟಿಕೊಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ರೊಟ್ಟಿಯೋ ಬುತ್ತಿಯನ್ನವೋ, ಬಾಳೆಯೆಲೆಯ ಅಂಚಿನಲ್ಲಿ ಒಂದಿಷ್ಟು ಉಪ್ಪಿನಕಾಯಿಯೋ, ಅಂತೂ ಬರಿಗೈಯಲ್ಲಿ ಯಾರನ್ನೂ ಕಳುಹಿಸುವಂತಿಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ ಮಾತ್ರ ಸುಮಾರು 25 ವರ್ಷಗಳ ಕಾಲ ಒಂದರ ಬದಲು ಎರಡು ಬುತ್ತಿಗಳು ಸಿದ್ಧವಾಗುತ್ತಿದ್ದವು. ಒಂದು ಹಸಿವಿಗೆ, ಇನ್ನೊಂದು ನನ್ನ ಅಕ್ಕನ ಔಷಧಿಗೆ. ಎರಡನೆಯ ಬುತ್ತಿಯಲ್ಲಿ ಅನ್ನವಿರಲಿಲ್ಲ, ತಂಪು ಇತ್ತು. ಒಂದು ಸಣ್ಣ ಸೀಸೆಯ ಸುತ್ತ ತಂಪನ್ನು ಕಟ್ಟಿ, ಅದು ದಾರಿಯಲ್ಲಿ ಆರಿಹೋಗದಂತೆ ಕಾಯ್ದುಕೊಂಡು ನಾವು ಊರೂರು ತಿರುಗಿದೆವು. ಆ ಬುತ್ತಿಯ ಚರಿತ್ರೆಯನ್ನು ಈಹೊತ್ತು ತಮ್ಮ ಮುಂದೆ ಬಿಚ್ಚಿಡಬೇಕೆಂದಿದ್ದೇನೆ. ಚರಿತ್ರೆ ಎಂಬುದು ಕೊಂಚ ದೊಡ್ಡ ಮಾತೆಂದು ತಮಗೆ ತೋರಬಹುದು. ಕೊನೆಯವರೆಗೆ ಕೇಳಿ ತೀರ್ಪು ಕೊಡಿ.

ಮೊದಲು ನಮ್ಮ ಸೀಮೆಯ ಪರಿಚಯ. ಕಡೂರು, ತರೀಕೆರೆ, ಅಜ್ಜಂಪುರ ಎಂಬ ಈ ಮೂರು ಊರುಗಳು ಚಿಕ್ಕಮಗಳೂರು ಜಿಲ್ಲೆಯಲ್ಲಿವೆ. ಆ ಜಿಲ್ಲೆಯನ್ನೇ ಒಂದು ಕಾಲಕ್ಕೆ ಕಡೂರು ಜಿಲ್ಲೆ ಎಂದು ಕರೆಯುತ್ತಿದ್ದರು. ಚಿಕ್ಕಮಗಳೂರು ಎಂದೊಡನೆ ಕಾಫಿಯ ತೋಟವನ್ನೂ ಮಂಜನ್ನೂ ನೆನೆಯುವವರು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಡೂರಿನ ರಸ್ತೆಯಲ್ಲಿ ನಿಂತು ನೋಡಬೇಕು. ಬಾಬಾಬುಡನ್‌ಗಿರಿಯ ಶ್ರೇಣಿ ಮಳೆಯನ್ನೆಲ್ಲ ತನ್ನ ಆಚೆಯ ಮಗ್ಗುಲಲ್ಲೇ ಇಳಿಸಿಕೊಂಡು, ಈಚೆಗೆ ಒಣಗಾಳಿಯನ್ನಷ್ಟೇ ಕಳುಹಿಸುತ್ತದೆ. ತೆಂಗು, ರಾಗಿ, ಕೆಂಪು ನೆಲ, ಕೆರೆಗಳನ್ನು ನೆಚ್ಚಿದ ಬದುಕು. ತರೀಕೆರೆಯಾದರೋ ಮಲೆನಾಡಿನ ಹೊಸಿಲು. ಅಲ್ಲಿಂದ ಲಿಂಗದಹಳ್ಳಿಯ ಕಡೆಗೆ ತಿರುಗಿದರೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಲಕ್ಕವಳ್ಳಿಯ ಕಡೆಗೆ ತಿರುಗಿದರೆ ಭದ್ರಾ ಅಣೆಕಟ್ಟು. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾದ ಅಜ್ಜಂಪುರ ಮತ್ತೆ ಬಯಲಿನ ಊರು. ಒಂದು ದಿನದ ಪ್ರಯಾಣದಲ್ಲಿ ಬೆಂಕಿಯಂಥ ಬಿಸಿಲನ್ನೂ ಮಲೆಯ ತಂಗಾಳಿಯನ್ನೂ ಕಾಣಿಸುವ ಸೀಮೆ ಇದು. ಔಷಧಿಯ ಸೀಸೆಯನ್ನು ಹೊತ್ತವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಇರಲಾರದು.

ಅಕ್ಕನಿಗೆ ರೋಗ ಕಾಣಿಸಿದ್ದು 1969ರಲ್ಲಿ, ಅವಳ ಹದಿನಾರನೆಯ ವಯಸ್ಸಿನಲ್ಲಿ. ಎಷ್ಟು ನೀರು ಕುಡಿದರೂ ಆರದ ದಾಹ. ಎಷ್ಟು ಉಂಡರೂ ಮೈಗೆ ಹತ್ತದ ಅನ್ನ. ಅದು ಸಕ್ಕರೆ ಕಾಯಿಲೆಯೆಂದು ಗೊತ್ತಾದಾಗ ಮನೆಯವರಿಗೆ ನಂಬಿಕೆ ಬರಲಿಲ್ಲ. ನಮ್ಮ ಆಯುರ್ವೇದಕ್ಕೆ ಮಧುಮೇಹ ಪುರಾತನ ಪರಿಚಯವೇನೋ ಹೌದು. ಆದರೆ ಅದು ಉಂಡು ಕುಳಿತ ನಡುವಯಸ್ಸಿನವರ ಕಾಯಿಲೆ, ಹೈಸ್ಕೂಲು ಹುಡುಗಿಗೆ ಬರುವುದೆಂತು ಎಂಬುದು ಎಲ್ಲರ ಪ್ರಶ್ನೆ. ಹಾಗೆ ಎಳೆಯರಿಗೆ ಬರುವ ಬಗೆಯೊಂದುಂಟು. ಅದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ರಸವನ್ನು ಸುರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಹೊರಗಿನಿಂದ ಆ ರಸವನ್ನು ಚುಚ್ಚದಿದ್ದರೆ ಜೀವ ಉಳಿಯದು. ಪಥ್ಯದಿಂದ ವಾಸಿಯಾಗುವ ರೋಗವಲ್ಲ ಅದು.

ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1921ರ ಬೇಸಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಶಸ್ತ್ರವೈದ್ಯನೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರೊಫೆಸರ್ ಮ್ಯಾಕ್ಲಿಯೋಡರ ಪ್ರಯೋಗಶಾಲೆಯಲ್ಲಿ ಈ ರಸವನ್ನು ಬೇರ್ಪಡಿಸಿದ ಕಥೆ ತಮಗೆ ತಿಳಿದಿರಬಹುದು. 1922ರ ಜನವರಿ 11ರಂದು ಲೆನರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲ ಬಾರಿ ಚುಚ್ಚಿದರು. ರಸ ಶುದ್ಧವಾಗಿರಲಿಲ್ಲ, ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಹಗಲಿರುಳು ಕುಳಿತು ಅದನ್ನು ಶೋಧಿಸಿಕೊಟ್ಟ ಮೇಲೆ, ಅದೇ ತಿಂಗಳ 23ರಂದು ಮತ್ತೆ ಚುಚ್ಚಿದಾಗ ಸಾಯಲಿದ್ದ ಹುಡುಗ ಚೇತರಿಸಿಕೊಂಡ. 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡರಿಗೆ ನೊಬೆಲ್ ಪಾರಿತೋಷಕ ಬಂತು. ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಪುಸ್ತಕಗಳು ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತವೆ. ನಮ್ಮಂಥವರ ಕಥೆ ಶುರುವಾಗುವುದೇ ಇಲ್ಲಿಂದ. ಟೊರಾಂಟೊದಲ್ಲಿ ಹುಟ್ಟಿದ ಔಷಧಿ ಅಜ್ಜಂಪುರದ ಹುಡುಗಿಯ ತೋಳನ್ನು ಮುಟ್ಟಬೇಕಾದರೆ ಹಡಗು, ಗೋದಾಮು, ರೈಲು, ಅಂಗಡಿ, ಬಸ್ಸು, ಕೊನೆಗೆ ಅಡಿಗೆಮನೆಯ ಗೂಡು ಇವುಗಳನ್ನೆಲ್ಲ ದಾಟಬೇಕು. ದಾಟುವಾಗ ಬಿಸಿಯಾಗಬಾರದು, ಹೆಪ್ಪುಗಟ್ಟಲೂ ಬಾರದು. ಬಳಕೆಗೆ ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ತಂಪು ಬೇಕೆಂಬುದು ನಿಯಮ. ಇನ್ಸುಲಿನ್ 51 ಅಮೈನೋ ಆಮ್ಲಗಳಿಂದಾದ ಒಂದು ಪ್ರೋಟೀನು. ಅದರ ಸರಣಿಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಫ್ರೆಡರಿಕ್ ಸ್ಯಾಂಗರ್ 1958ರಲ್ಲಿ ನೊಬೆಲ್ ಪಡೆದರು. ಕಾವು ಮಿತಿಮೀರಿ, ಜೊತೆಗೆ ಕುಲುಕಾಟವೂ ಸೇರಿದರೆ ಈ ಸರಣಿಯ ಮಡಿಕೆಗಳು ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ ನಿಷ್ಪ್ರಯೋಜಕವಾಗುತ್ತವೆ. ಹಾಲು ಕೆಟ್ಟರೆ ಒಡೆಯುತ್ತದೆ, ಅನ್ನ ಹಳಸಿದರೆ ನಾರುತ್ತದೆ. ಇನ್ಸುಲಿನ್ ಸತ್ವ ಕಳೆದುಕೊಂಡಾಗ ಎಷ್ಟೋ ವೇಳೆ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ನನ್ನ ಕಥೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಆ ದಿನಗಳ ಇನ್ಸುಲಿನ್ನನ್ನು ದನ ಮತ್ತು ಹಂದಿಗಳ ಮೇದೋಜೀರಕದಿಂದ ತೆಗೆಯುತ್ತಿದ್ದರು. ಶಾಲಾ ಮಾಸ್ತರರಾಗಿದ್ದ ನಮ್ಮ ತಂದೆಯವರಿಗೆ ಇದು ಗೊತ್ತಿತ್ತು. ಮಡಿಹೆಂಗಸಾದ ಅಜ್ಜಿಯ ಮುಂದೆ ಅವರು ಬಾಯಿ ಬಿಡಲಿಲ್ಲ. ಅಮ್ಮನಿಗೆ ಹೇಗೋ ತಿಳಿಯಿತು. ಅವಳು ಒಂದು ದಿನವೆಲ್ಲ ಮೌನವಾಗಿದ್ದು, ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, “ಇಷ್ಟು ದಿನ ಹಾಲು ಕೊಟ್ಟು ಸಾಕಿತು, ಈಗ ಜೀವ ಕೊಟ್ಟು ಸಾಕುತ್ತಾ ಇದೆ” ಎಂದಷ್ಟೇ ಅಂದಳು. ಅಜ್ಜಂಪುರದಲ್ಲಿ ಈ ಮಾತಿಗೆ ಬೇರೆಯೇ ತೂಕವುಂಟು. ಅಮೃತಮಹಲ್ ತಳಿಯ ದನಗಳನ್ನು ಸಾಕುವ ಕೇಂದ್ರವಿರುವುದು ನಮ್ಮ ಊರಿನಲ್ಲಿ. ಮೈಸೂರಿನ ಒಡೆಯರು ಕಟ್ಟಿದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆಯಿತು. ಬೆಣ್ಣೆಯನ್ನು ಬೇಸಗೆಯಲ್ಲಿ ಉಳಿಸುವುದು ಹೇಗೆಂದು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಲ್ಕು ದಿನಕ್ಕಾದರೆ ತಣ್ಣೀರಿನ ಗಡಿಗೆಯಲ್ಲಿ ತೇಲಿಬಿಡುವುದು; ನಾಲ್ಕು ತಿಂಗಳಿಗಾದರೆ ಕಾಯಿಸಿ ತುಪ್ಪ ಮಾಡುವುದು. ಮಾವಿನಕಾಯಿಗೆ ಉಪ್ಪು, ಹಪ್ಪಳಕ್ಕೆ ಬಿಸಿಲು. ನಮ್ಮ ನಾಡು ಬಿಸಿಲನ್ನು ಗೆದ್ದದ್ದು ವಸ್ತುವಿನ ರೂಪವನ್ನೇ ಬದಲಾಯಿಸಿ. ಇನ್ಸುಲಿನ್ನಿಗೆ ಆ ದಾರಿ ಇಲ್ಲ. ಅದನ್ನು ಇದ್ದ ಹಾಗೆಯೇ ಕಾಯಬೇಕು.

ಕಾಯುವುದು ಎಲ್ಲಿ? ನಮ್ಮ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ಬೀದಿಯಲ್ಲೂ ಇರಲಿಲ್ಲ. ಊರಿನ ಪಶುವೈದ್ಯರೊಬ್ಬರು ದೊಡ್ಡ ಮನಸ್ಸು ಮಾಡಿ, ದನಗಳ ಲಸಿಕೆ ಇಡುವ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಅಕ್ಕನ ಸೀಸೆಗಳಿಗೂ ಜಾಗ ಕೊಟ್ಟರು. ಊರಿನಲ್ಲಿದ್ದಷ್ಟು ದಿನ ಚಿಂತೆಯಿರಲಿಲ್ಲ. ತೊಂದರೆ ಬಂದದ್ದು ಊರು ಬಿಟ್ಟಾಗ.

1972ರ ಏಪ್ರಿಲ್. ಕಡೂರಿನಲ್ಲಿ ಬಂಧುಗಳ ಮನೆಯ ಮದುವೆ. ನನಗೆ ಆಗ ಹನ್ನೆರಡು ವರ್ಷ, ಅಕ್ಕನಿಗೆ ಹತ್ತೊಂಬತ್ತು. ನಾವು ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಬಸ್ಸುಗಳಲ್ಲಿ ಚಾಲಕನ ಪಕ್ಕಕ್ಕೆ ಇಂಜಿನ್ನಿನ ಮುಚ್ಚಳ ಎತ್ತರವಾಗಿ ಎದ್ದಿರುತ್ತಿತ್ತು. ಅದನ್ನು ಬಾನೆಟ್ ಎನ್ನುತ್ತಿದ್ದರು. ಹೆಂಗಸರ ಚೀಲಗಳನ್ನೆಲ್ಲ ಈಸಿಕೊಂಡು ಕಂಡಕ್ಟರು ಅದರ ಮೇಲೆ ಒಟ್ಟಿದ. ಅಕ್ಕನ ಚೀಲವೂ ಅದರಲ್ಲಿ ಸೇರಿತು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು, ರಿಪೇರಿಯಾಗಿ ಹೊರಟಿತು, ಕಡೂರು ಸೇರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಚೀಲವನ್ನು ಎತ್ತಿಕೊಂಡಾಗ ಕೈ ಚುರುಗುಟ್ಟಿದ್ದು ನನಗೆ ನೆನಪಿದೆ, ಏಕೆಂದರೆ ಎತ್ತಿಕೊಂಡವನು ನಾನೇ. ಬಿಸಿ ತಗಲಿತು ಎಂದು ನಕ್ಕೆನೇ ಹೊರತು, ಅದರಲ್ಲೇನಿದೆ ಎಂದು ಯೋಚಿಸಲಿಲ್ಲ.

ಮದುವೆಯಲ್ಲಿ ಚಿರೋಟಿ ಬಡಿಸಿದರು. ಅಕ್ಕನ ಎಲೆಗೂ ಬಡಿಸುವವರು ಹಾಕಿ ಮುಂದೆ ಹೋದರು. ಅವಳು ಬೇಡವೆಂದು ಕೈ ಅಡ್ಡ ಹಿಡಿಯುವುದರೊಳಗೆ ಅದು ಎಲೆಯ ಮೇಲಿತ್ತು. ನಾನು ನೋಡಿದ್ದು ಇಷ್ಟೇ.

ಊರಿಗೆ ಮರಳಿದ ಮೇಲೆ ಅದೇ ಸೀಸೆಯಿಂದ ಅವಳು ದಿನವೂ ಚುಚ್ಚಿಕೊಂಡಳು. ಗಾಜಿನ ಪಿಚಕಾರಿಯನ್ನು ಕುದಿಸಿ, ಅಳತೆ ನೋಡಿ, ಒಂದು ಹೊತ್ತೂ ತಪ್ಪಿಸದೆ ಚುಚ್ಚಿಕೊಂಡಳು. ಆದರೂ ದಾಹ ಮರುಕಳಿಸಿತು. ನಾಲ್ಕನೆಯ ದಿನ ವಾಂತಿ, ಐದನೆಯ ದಿನ ದೀರ್ಘವಾದ ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ. ದೊಡ್ಡ ಊರೊಂದರ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿನ ವೈದ್ಯರು ಅವಳನ್ನು ಉಳಿಸಿದರು. ಉಳಿಸಿದ ಮೇಲೆ ಚೆನ್ನಾಗಿ ಬೈದರು. “ಮದುವೆಮನೆಗೆ ಹೋಗಿದ್ದಿರಾ? ಸಿಹಿ ತಿಂದಿದ್ದಾಳೆ” ಎಂದು ಅವರು ಹೇಳಿದಾಗ ತಂದೆಯವರು ನಮ್ಮೆಲ್ಲರ ಮುಖ ನೋಡಿದರು. ನಾನು ಬಾಯಿಬಿಟ್ಟೆ: “ಹೌದಪ್ಪ, ಅಕ್ಕ ಚಿರೋಟಿ ತಿಂದಳು.” ಏಕೆ ಹಾಗೆಂದೆನೋ ತಿಳಿಯದು. ದೊಡ್ಡವರ ಪ್ರಶ್ನೆಗೆ ಉತ್ತರ ಕೊಡುವ ಉತ್ಸಾಹವಿರಬೇಕು. ಅಕ್ಕ ಹಾಸಿಗೆಯಿಂದಲೇ ಒಂದು ಸಲ, “ನಾನು ತಿನ್ನಲಿಲ್ಲ” ಎಂದಳು. ಯಾರೂ ನಂಬಲಿಲ್ಲ. ಅವಳು ಎರಡನೆಯ ಸಲ ಹೇಳಲಿಲ್ಲ.

ಸತ್ಯ ಹೊರಬಿದ್ದದ್ದು ಎರಡು ತಿಂಗಳ ಮೇಲೆ. ತರೀಕೆರೆಯಲ್ಲಿ ನಮ್ಮ ಸೋದರಮಾವನ ಮನೆಗೆ ಬಂದಿದ್ದ ಒಬ್ಬ ವೃದ್ಧ ವೈದ್ಯರಿಗೆ ತಂದೆಯವರು ಈ ಸಂಗತಿಯನ್ನೆಲ್ಲ ವಿವರಿಸಿದರು. ಹೊಸ ಸೀಸೆ ತಂದ ಮೇಲೆ ಅದೇ ಅಳತೆಯಲ್ಲಿ ಮೊದಲಿನಂತೆಯೇ ಗುಣ ಕಂಡಿತೆಂಬುದನ್ನೂ ಹೇಳಿದರು. ಆ ಹಿರಿಯರು ಅಕ್ಕ ಏನು ತಿಂದಳೆಂದು ಕೇಳಲೇ ಇಲ್ಲ. “ಮೇಷ್ಟ್ರೇ, ಸೀಸೆಯನ್ನ ಎಲ್ಲಿಟ್ಟಿದ್ದಿರಿ?” ಎಂದು ಕೇಳಿದರು. ಅದುವರೆಗೆ ಒಬ್ಬರೂ ಕೇಳದ ಪ್ರಶ್ನೆ ಅದು. ತಂದೆಯವರು ನನ್ನನ್ನು ಕರೆದರು. ನಾನು ಬಾನೆಟ್ಟಿನ ಸಂಗತಿ ಹೇಳಿದೆ. ಕೈ ಚುರುಗುಟ್ಟಿದ್ದನ್ನೂ ಹೇಳಿದೆ. ಚಿರೋಟಿಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಔಷಧಿಯೊಂದು ದಾರಿಯಲ್ಲೇ ಸಾಯುವ ಈ ಸಂಕಟ ಇನ್ಸುಲಿನ್ನಿಗಿಂತ ಬಹಳ ಹಳೆಯದೆಂದು ಮುಂದೆ ಓದಿ ತಿಳಿದೆ. ಎಡ್ವರ್ಡ್ ಜೆನ್ನರ್ ಸಿಡುಬಿಗೆ ಗೋಸಿಡುಬಿನ ಲಸಿಕೆಯನ್ನು ಕಂಡುಹಿಡಿದದ್ದು 1796ರಲ್ಲಿ. ದನವೆಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ‘ವ್ಯಾಕ್ಸಿನ್’ ಎಂಬ ಹೆಸರು ಬಂದದ್ದು. ಅಲ್ಲಿಯೂ ನಮ್ಮನ್ನು ಕಾಯ್ದದ್ದು ಹಸುವೇ. ಆದರೆ ಲಸಿಕೆಯ ಕೀವನ್ನು ದಾರಕ್ಕೆ ಸವರಿ, ಗಾಜಿನ ನಡುವೆ ಇಟ್ಟು ಕಳುಹಿಸಿದರೆ ನಮ್ಮ ದೇಶ ಸೇರುವುದರೊಳಗೆ ಕಾವಿಗೆ ಸತ್ತುಹೋಗುತ್ತಿತ್ತು. ಕೊನೆಗೆ ಮನುಷ್ಯರನ್ನೇ ಪಾತ್ರೆ ಮಾಡಿಕೊಂಡರು. ಒಂದು ಮಗುವಿನ ತೋಳಿನಿಂದ ಇನ್ನೊಂದರ ತೋಳಿಗೆ ದಾಟಿಸುತ್ತ ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ತಂದು, 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಕೂಸಿಗೆ ಹಾಕಿದರು. ಭಾರತದಲ್ಲಿ ಯಶಸ್ವಿಯಾದ ಮೊದಲ ಲಸಿಕೆ ಅದು. ಕೆಲವೇ ವರ್ಷಗಳಲ್ಲಿ ಅದು ಮೈಸೂರಿನ ಅರಮನೆಯನ್ನೂ ಮುಟ್ಟಿತು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ಮಹಿಳೆಯರ ವರ್ಣಚಿತ್ರವೊಂದಿದೆ. ಅವರು ಮೈಸೂರಿನ ರಾಜಮನೆತನದ ಸ್ತ್ರೀಯರೆಂದೂ, ಅವರಲ್ಲೊಬ್ಬರು ಸೆರಗು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸಲೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ.

ಸಿಡುಬಿನ ಲಸಿಕೆಗೆ ಮುಂದೆ ಒಂದು ಭಾಗ್ಯ ಒದಗಿತು. 1950ರ ದಶಕದಲ್ಲಿ ಲೆಸ್ಲಿ ಕಾಲಿಯರ್ ಎಂಬ ವಿಜ್ಞಾನಿ ಅದನ್ನು ಶೈತ್ಯದಲ್ಲಿ ಒಣಗಿಸಿ, ಬಿಸಿಲಿಗೆ ಜಗ್ಗದ ಪುಡಿಯಾಗಿಸುವ ಕ್ರಮವನ್ನು ಸಿದ್ಧಗೊಳಿಸಿದ. ಪುಡಿಯಾದ ಮೇಲೆ ಲಸಿಕೆ ಹಳ್ಳಿಹಳ್ಳಿಗೂ ನಡೆಯಿತು. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ಘೋಷಿಸಲಾಯಿತು. ಬೆಣ್ಣೆ ತುಪ್ಪವಾದಂತೆ ಲಸಿಕೆಯೂ ರೂಪ ಬದಲಿಸಿ ಬಿಸಿಲನ್ನು ಗೆದ್ದಿತು ಎನ್ನಬಹುದು. ಅಕ್ಕನ ಸೀಸೆಗೆ ಅಂಥ ಭಾಗ್ಯ ಇರಲಿಲ್ಲ.

ವೃದ್ಧ ವೈದ್ಯರ ಮಾತು ಕೇಳಿದ ಮೇಲೆ ತಂದೆಯವರು ಹಟಕ್ಕೆ ಬಿದ್ದರು. ಒಂದು ಫ್ಲಾಸ್ಕ್ ತಂದರು. ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂವರ್ 1892ರಲ್ಲಿ ದ್ರವವಾಗಿಸಿದ ಅನಿಲಗಳನ್ನು ಇಡಲೆಂದು ಎರಡು ಗೋಡೆಗಳ ನಡುವೆ ನಿರ್ವಾತವಿರುವ ಪಾತ್ರೆಯನ್ನು ರಚಿಸಿದ. ಅದೇ ಮುಂದೆ ಕಾಫಿಯ ಫ್ಲಾಸ್ಕ್ ಆಯಿತು. ಐಸ್‌ಕ್ಯಾಂಡಿಯವನಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆ ತಂದು, ಪುಡಿ ಮಾಡಿ, ಉಪ್ಪು ಬೆರೆಸಿ ಫ್ಲಾಸ್ಕಿನಲ್ಲಿ ತುಂಬಿ, ನಡುವೆ ಸೀಸೆಯನ್ನು ಹೂತರು. ಉಪ್ಪು ಬೆರೆಸಿದರೆ ತಂಪು ಹೆಚ್ಚೆಂದು ಪಾಠ ಹೇಳುತ್ತಿದ್ದವರು ಅವರೇ ಅಲ್ಲವೆ! ಶಿವಮೊಗ್ಗೆಗೆ ಹೋಗಿ ತೆರೆದು ನೋಡಿದರೆ ಸೀಸೆಯೊಳಗಿನದು ಕಲ್ಲಾಗಿತ್ತು. ಕರಗಿಸಿ ಅಂಗೈಯಲ್ಲಿ ಉರುಳಿಸಿದರೆ ಹಾಲಿನಂತೆ ಒಂದಾಗಬೇಕಾದ ಔಷಧಿ ಚೂರುಚೂರಾಗಿ ಗಾಜಿಗೆ ಅಂಟಿತು. ಹೆಪ್ಪುಗಟ್ಟಿದ ಇನ್ಸುಲಿನ್ನೂ ಕೆಟ್ಟ ಇನ್ಸುಲಿನ್ನೇ. ಮಾಸ್ತರರ ಸಂಬಳದಲ್ಲಿ ತಂದ ಸೀಸೆ ಚರಂಡಿಯ ಪಾಲಾಯಿತು. ಬಿಸಿಲಿಗೆ ಹೆದರಿದವರು ಹಿಮಕ್ಕೂ ಹೆದರಬೇಕೆಂಬುದನ್ನು ಅಂದು ಕಲಿತೆವು.

ದಾರಿ ತೋರಿಸಿದವಳು ಅಮ್ಮ. ಅವಳಿಗೆ ವೀಳ್ಯದ ಅಭ್ಯಾಸ. ಎಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ಇಟ್ಟು, ವಾರದವರೆಗೆ ಹಸಿರಾಗಿ ಉಳಿಸುತ್ತಿದ್ದಳು. “ಎಲೆ ಬಾಡದ ಹಾಗೆ ಇಡೋಕೆ ಬರುತ್ತೆ, ಇದನ್ನ ಇಡೋಕೆ ಬರಲ್ವೆ?” ಎಂದಳು. ಕುಂಬಾರರ ಕೇರಿಯಿಂದ ಮುಚ್ಚಳವಿರುವ ಒಂದು ಸಣ್ಣ ಕುಡಿಕೆಯನ್ನೂ, ಅದು ಒಳಗೆ ಕೂರುವಷ್ಟು ಬಾಯಗಲದ ಒಂದು ಮಡಕೆಯನ್ನೂ ತರಿಸಿದಳು. ಎರಡರ ನಡುವೆ ಮರಳು ತುಂಬಿ ನೀರು ಹನಿಸಿದಳು. ಸೀಸೆಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಒಳಗಿನ ಕುಡಿಕೆಯಲ್ಲಿ ಒಣಗಿದಂತೆ ಇಟ್ಟಳು. ಇದು ಮನೆಗೆ. ಪ್ರಯಾಣಕ್ಕೆ ಕುಡಿಕೆಯೊಂದೇ, ಸುತ್ತ ನಾಲ್ಕು ಮಡಿಕೆ ಒದ್ದೆ ಪಂಚೆ, ಹೊರಗೆ ಗಾಳಿಯಾಡುವ ಬಿದಿರ ಬುಟ್ಟಿ. ನಡುನಡುವೆ ಒಂದು ಸೌಟು ನೀರು ಹನಿಸಿದರೆ ಆಯಿತು. ಇದೇ ನಮ್ಮ ತಂಪಿನ ಬುತ್ತಿ.

ಇದರಲ್ಲಿ ಮಾಯೆಯಿಲ್ಲ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಅದನ್ನು ಅದು ಮಡಕೆಯಿಂದ, ಮಡಕೆಯೊಳಗಿನ ವಸ್ತುವಿನಿಂದ ಸೆಳೆದುಕೊಳ್ಳುತ್ತದೆ. ಹೂಜಿಯ ನೀರು, ಲಾವಂಚದ ತಟ್ಟಿ, ಲಾರಿಗಳ ಮುಂದೆ ತೂಗಾಡುತ್ತಿದ್ದ ಕ್ಯಾನ್ವಾಸಿನ ನೀರಿನ ಚೀಲ, ಇವೆಲ್ಲ ಅದೇ ವಿದ್ಯೆ. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಂಪು ಮಾಡುತ್ತಿದ್ದರೆಂದು ಅಬುಲ್ ಫಜಲ್ ಬರೆದಿದ್ದಾನೆ. ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ ಬಯಲಿನಲ್ಲಿ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ತೆಗೆಯುತ್ತಿದ್ದುದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ವರ್ಣಿಸಿದ್ದಾನೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಮಂಜುಗಡ್ಡೆ ಬಂದಿಳಿಯಿತು. ಅದು ದೊರೆಗಳ ಪಾನೀಯಕ್ಕಾಯಿತು. ಬಡವರ ತಂಪು ಅಂದಿಗೂ ಇಂದಿಗೂ ಮಡಕೆಯೇ.

ಆದರೆ ಈ ಬುತ್ತಿಗೆ ಒಂದು ಮರ್ಮವುಂಟು. ಅದನ್ನು ನಮಗೆ ಕಲಿಸಿದ್ದು ನಮ್ಮ ಮೂರು ಊರುಗಳೇ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ, ತಂಪು ಹೆಚ್ಚುತ್ತದೆ. ಕಡೂರಿನ ಬೇಸಗೆಯ ಮಧ್ಯಾಹ್ನ ಬಿಸಿ 36 ಡಿಗ್ರಿಯಿದ್ದು, ಗಾಳಿಯ ತೇವಾಂಶ ನೂರಕ್ಕೆ 30ರಷ್ಟಿದೆಯೆನ್ನಿ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 22–23 ಡಿಗ್ರಿಯವರೆಗೆ ಇಳಿಯುತ್ತದೆ. ಕುಡಿಕೆ ಅಷ್ಟು ಇಳಿಯದಿದ್ದರೂ ಅದರ ಸಮೀಪಕ್ಕೆ ಬರುತ್ತದೆ. ಅದೇ ಬುತ್ತಿಯನ್ನು ಮಂಗಳೂರಿಗೆ ಕೊಂಡೊಯ್ದರೆ, 34 ಡಿಗ್ರಿ ಬಿಸಿಯಲ್ಲಿ ತೇವಾಂಶ 70 ಇದ್ದರೆ, 29ಕ್ಕಿಂತ ಕೆಳಗೆ ಬಾರದು. ತರೀಕೆರೆಯ ಮಳೆಗಾಲದಲ್ಲಿ ಬುತ್ತಿಯ ಬಟ್ಟೆ ದಿನವಿಡೀ ಒದ್ದೆಯಾಗಿಯೇ ಇರುತ್ತಿತ್ತು, ತಂಪೇನೂ ಹುಟ್ಟುತ್ತಿರಲಿಲ್ಲ; ಆದರೆ ಆಗ ಗಾಳಿಯೇ ತಂಪಾದ್ದರಿಂದ ಅದು ಬೇಕಾಗಿಯೂ ಇರಲಿಲ್ಲ. ಬಿಸಿಲು ಸುಡುವ ಕಡೂರಿನಲ್ಲೇ ಮಡಕೆ ಚೆನ್ನಾಗಿ ದುಡಿಯುತ್ತಿತ್ತು. ಎಲ್ಲಿ ಬಾಧೆಯೋ ಅಲ್ಲೇ ಮದ್ದು ಎಂದು ಅಮ್ಮ ಹೇಳುತ್ತಿದ್ದಳು.

ಬೀರೂರು ಜಂಕ್ಷನ್ನಿನಲ್ಲಿ ಆ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ನಾವು ಕಾದ ಹೊತ್ತುಗಳಿಗೆ ಲೆಕ್ಕವಿಲ್ಲ. ಬೀರೂರಿನಿಂದ ಶಿವಮೊಗ್ಗೆಗೆ ಹಳಿ ಬಿದ್ದದ್ದು 1899ರಲ್ಲಿ. ಅಜ್ಜಂಪುರದಿಂದ ರೈಲಿನಲ್ಲಿ ತರೀಕೆರೆಗೆ ಹೋಗುವವರು ಬೀರೂರಿನಲ್ಲಿ ಗಾಡಿ ಬದಲಿಸಲೇಬೇಕು. ಆ ನಡುವಿನ ಹೊತ್ತಿನಲ್ಲಿ ಬುತ್ತಿಗೆ ನೀರು ಹನಿಸುವುದು ನನ್ನ ಕೆಲಸ. ಪ್ಲಾಟ್‌ಫಾರಮ್ಮಿನಲ್ಲಿ ನೀರು ಕೊಡುತ್ತಿದ್ದ ಮುದುಕ ಮೊದಲ ದಿನ, “ಏನಪ್ಪಾ, ಬುಟ್ಟಿಗೂ ಬಾಯಾರಿಕೆಯೆ?” ಎಂದು ನಕ್ಕ. ಕಾರಣ ತಿಳಿದ ಮೇಲೆ ನಮ್ಮನ್ನು ಕಂಡೊಡನೆ ತಾನೇ ತಂಬಿಗೆ ಹಿಡಿದು ಬರುತ್ತಿದ್ದ. ಮುಂದೆ ಅಕ್ಕ ಶಾಲೆಯ ಉಪಾಧ್ಯಾಯಿನಿಯಾದಳು. ವರ್ಗವಾದ ಊರಿಗೆಲ್ಲ ಬುಟ್ಟಿ ಹೋಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಾಂಘೈ ನಗರದಲ್ಲಿ ಔಷಧಿ ಬಾರದೆ ಹೋದಾಗ ಈವಾ ಸಾಕ್ಸಲ್ ಎಂಬ ಮಹಿಳೆಯೂ ಅವಳ ಪತಿಯೂ ಎಮ್ಮೆಯ ಮೇದೋಜೀರಕದಿಂದ ತಾವೇ ಇನ್ಸುಲಿನ್ ತೆಗೆದು ಈವಾಳನ್ನೂ ನೂರಾರು ಮಂದಿಯನ್ನೂ ಉಳಿಸಿದರು. ಅಂಥ ಸಾಹಸ ನಮ್ಮದಲ್ಲ. ಆದರೆ ಇನ್ಸುಲಿನ್ನಿನ ಚರಿತ್ರೆಯಲ್ಲಿ ಬ್ಯಾಂಟಿಂಗನಿಗೂ ಈವಾಳಿಗೂ ಸ್ಥಾನವಿರುವಂತೆ, ಪಶುವೈದ್ಯರ ಆ ಪೆಟ್ಟಿಗೆಗೆ, ಬೀರೂರಿನ ಆ ತಂಬಿಗೆಗೆ, ಅಮ್ಮನ ಒದ್ದೆ ಪಂಚೆಗೆ ಒಂದು ಸಾಲಿನ ಸ್ಥಾನ ಸಲ್ಲಬೇಡವೆ? ಕಂಡುಹಿಡಿದವರು ಒಂದು ಸಲ ಕಂಡುಹಿಡಿದರು. ಕಾಯುವವರು ದಿನದಿನವೂ ಕಾಯಬೇಕು.

ಈಗ ಕಾಲ ಬದಲಾಗಿದೆ. ಜೀವಾಣುಗಳಿಂದ ಮಾನವ ಇನ್ಸುಲಿನ್ನನ್ನೇ ತಯಾರಿಸುವ ವಿದ್ಯೆ 1982ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಹುದುಗಿನ ಕಣಗಳಿಂದ ಅದನ್ನು ತಯಾರಿಸಿ ಹೊರತಂದಿತು. ದನದ ಋಣ ತೀರಿತು; ತಂಪಿನ ಋಣ ಮಾತ್ರ ತೀರಲಿಲ್ಲ. ಆಫ್ರಿಕದ ಕೀನ್ಯಾದಲ್ಲಿ ದಗಹಲೆ ಎಂಬ ನಿರಾಶ್ರಿತರ ಶಿಬಿರದ ಕಾವನ್ನು ಅನುಸರಿಸಿ ವಿಜ್ಞಾನಿಗಳು ನಡೆಸಿದ ಪರೀಕ್ಷೆಯೊಂದು 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಕಾವಿನಲ್ಲಿ ನಾಲ್ಕು ವಾರ ಇದ್ದರೂ ಇನ್ಸುಲಿನ್ ಸತ್ವ ಉಳಿಸಿಕೊಂಡಿತ್ತೆಂದು ಅದು ತೋರಿಸಿತು. ಅದನ್ನು ಓದಿದ ದಿನ ನನಗೆ ಎರಡು ಸಂಗತಿ ಹೊಳೆದವು. ಅಮ್ಮನ ಕುಡಿಕೆ 2–8 ಡಿಗ್ರಿಯನ್ನು ಎಂದೂ ಮುಟ್ಟದಿದ್ದರೂ ಅಕ್ಕನನ್ನು ಕಾಯ್ದದ್ದು ಆಕಸ್ಮಿಕವಲ್ಲ, ಒಂದು. ನಮ್ಮ ಶತ್ರು ಮನೆಯ ಸೆಕೆಯಾಗಿರಲಿಲ್ಲ, ಬಾನೆಟ್ಟಾಗಿತ್ತು, ಎರಡು.

ನನಗೂ ಈಗ ಅದೇ ಔಷಧಿ; ನನ್ನದು ಮುಪ್ಪಿನ ಬಗೆಯದು. ಹೊರಟಾಗಲೆಲ್ಲ ಕೆಲವು ನಿಯಮ ಪಾಲಿಸುತ್ತೇನೆ. ತೆರೆಯದ ಸೀಸೆ ಮನೆಯಲ್ಲಿ ಫ್ರಿಜ್ಜಿನೊಳಗೆ, ಆದರೆ ಮಂಜುಗಟ್ಟುವ ಅರೆಯಿಂದ ದೂರ. ಬಳಕೆಯಲ್ಲಿರುವುದು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ನಾಲ್ಕು ವಾರ. ಒಂದೊಂದು ಬಗೆಗೆ ಒಂದೊಂದು ಅವಧಿಯಾದ್ದರಿಂದ ಪೆಟ್ಟಿಗೆಯ ಮೇಲಿನ ಸೂಚನೆಯೇ ಪ್ರಮಾಣ. ಮಂಜುಗಡ್ಡೆಗೆ ಸೀಸೆಯನ್ನು ತಾಗಿಸುವಂತಿಲ್ಲ, ನಡುವೆ ದಪ್ಪ ಬಟ್ಟೆ ಬೇಕು. ನಿಲ್ಲಿಸಿದ ಕಾರಿನಲ್ಲಿ ಬಿಡುವಂತಿಲ್ಲ. ವಿಮಾನದಲ್ಲಾದರೆ ಕೈಚೀಲದಲ್ಲೇ, ಏಕೆಂದರೆ ಸಾಮಾನಿನ ಕೋಣೆಯಲ್ಲಿ ಹೆಪ್ಪುಗಟ್ಟುವ ಭಯವುಂಟು. ನೀರಿನಲ್ಲಿ ಅದ್ದಿದರೆ ತಂಪಾಗುವ ವಿದೇಶಿ ಚೀಲವೊಂದನ್ನು ಮಗ ತಂದುಕೊಟ್ಟಿದ್ದಾನೆ. ಬಿಚ್ಚಿ ನೋಡಿದೆ, ಅಮ್ಮನ ಒದ್ದೆ ಪಂಚೆಯೇ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಬೇರೊಂದಿದೆ: ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡರೂ ಸಕ್ಕರೆ ಏರಿದರೆ, ರೋಗಿಯನ್ನು ಬೈಯುವ ಮೊದಲು ಸೀಸೆಯನ್ನು ವಿಚಾರಿಸಬೇಕು, ಸಂಶಯ ಬಂದರೆ ಹೊಸದನ್ನು ತೆರೆಯಬೇಕು, ತಡಮಾಡದೆ ವೈದ್ಯರನ್ನು ಕಾಣಬೇಕು.

ಅಕ್ಕ 1995ರಲ್ಲಿ ತೀರಿಕೊಂಡಳು. ಮೂತ್ರಪಿಂಡಗಳು ಸೋತಿದ್ದವು. ಕೊನೆಯ ದಿನಗಳಲ್ಲೊಮ್ಮೆ ಅವಳ ಹಾಸಿಗೆಯ ಬಳಿ ಕುಳಿತು, “ಕಡೂರಿನ ಮದುವೆಯಲ್ಲಿ ನೀನು ಚಿರೋಟಿ ತಿಂದದ್ದನ್ನ ನಾನು ನೋಡಿರಲಿಲ್ಲ ಅಕ್ಕ” ಎಂದು ಹೇಳಿದೆ. ಹೇಳಲು ಇಪ್ಪತ್ತಮೂರು ವರ್ಷ ಬೇಕಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು ಕಣೋ. ಅದು ನಿನ್ನ ಎಲೆಯಲ್ಲೇ ಇತ್ತಲ್ಲ, ನಾನೇ ಎತ್ತಿ ಹಾಕಿದ್ದೆ” ಎಂದಳು. ಅದನ್ನು ತಿಂದವನು ನಾನೇ.

ಆ ಕುಡಿಕೆ ಈಗಲೂ ನನ್ನ ಪುಸ್ತಕದ ಕಪಾಟಿನಲ್ಲಿದೆ. ಬೇಸಗೆಯಲ್ಲಿ ಒಮ್ಮೊಮ್ಮೆ ಅದಕ್ಕೆ ನಾಲ್ಕು ಹನಿ ನೀರು ಚಿಮುಕಿಸುತ್ತೇನೆ. ಒಣಮಣ್ಣು ನೀರು ಹೀರುವ ವಾಸನೆ ಬರುತ್ತದೆ. ಮುಟ್ಟಿದರೆ ಕೈ ತಣ್ಣಗಾಗುತ್ತದೆ.